ಮಾಸ್ಟರು ಓದುತ್ತಿದ್ದ ಗಿಡ, ಕಂಬ, ಗಾಳಿಪಟ

ಹೋದ ತಿಂಗಳು ನನ್ನ ಫೋನು ಇದ್ದಕ್ಕಿದ್ದಂತೆ ಚೀನಾ ಭಾಷೆಗೆ ತಿರುಗಿಬಿಟ್ಟಿತು. ಪಕ್ಕದ ಮನೆಯ ಮಗು ಅದರಲ್ಲಿ ಆಡುತ್ತಾ ಎಲ್ಲಿ ಏನು ಒತ್ತಿತೋ... ಆಂಧ್ರದ ಗಡಿಯೊಳಗಿನ ಮಡಕಶಿರದ ನನ್ನ ಟೈಲರ್ ಅಂಗಡಿಯಲ್ಲಿ ಕೂತು ಬ್ಲೌಸಿಗೆ ಹುಕ್ಕು ಹಾಕುತ್ತಿದ್ದೆ. ಫೋನು ಕುಂಯ್ ಎಂದಿತು. ತೆಗೆದು ನೋಡಿದರೆ ಪರದೆಯ ನಡುವೆ ಒಂದು ಬಿಳಿ ಚೌಕ, ಅದರೊಳಗೆ ಒಂದು ಸಾಲು ಚೀನಾ ಅಕ್ಷರ, ಕೆಳಗೆ ಎರಡು ಗುಂಡಿ. ಯಾವುದನ್ನು ಒತ್ತಿದರೆ ಹೌದು, ಯಾವುದನ್ನು ಒತ್ತಿದರೆ ಬೇಡ, ದೇವರೇ ಬಲ್ಲ. ನನಗೆ ಫೋನು ಮಾಡುವವರು ಕಡಿಮೆ, ಹಾಗಾಗಿ ದೊಡ್ಡ ನಷ್ಟವೇನೂ ಇರಲಿಲ್ಲ. ಸುಮ್ಮನೆ ಕೆಳಗಿಡಬೇಕು ಅನ್ನುವಷ್ಟರಲ್ಲಿ ಆ ಸಾಲಿನ ಒಂದು ಅಕ್ಷರ ಗುರುತು ಸಿಕ್ಕಿತು. ಮೂಲೆಯಲ್ಲೊಂದು ಗಿಡ, ಅದರ ಪಕ್ಕದಲ್ಲೊಂದು ಗೂಟ.

"ಮೂಲಿಗಿಡ" ಎಂದು ನನ್ನ ಬಾಯಿಂದ ತಾನಾಗಿ ಬಂತು. ಬ್ಲೌಸು ಕೊಡಲು ಬಂದಿದ್ದ ಹೆಂಗಸು "ಏನಕ್ಕ?" ಎಂದಳು. ಏನೂ ಇಲ್ಲ ಎಂದೆ. ಆಮೇಲೆ ಆ ದಿನವೆಲ್ಲ ಕೈಗೆ ಕೆಲಸ ಹತ್ತಲಿಲ್ಲ.

ಆ ಅಕ್ಷರವನ್ನು ನನಗೆ ಹೇಳಿಕೊಟ್ಟವರು ರಾಯದುರ್ಗದ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಎಂಬ್ರಾಯ್ಡರಿ ಮಿಷನ್ನು ನಡೆಸುತ್ತಿದ್ದ ಮಾಸ್ಟರು. ಯೂನಿಟ್ಟಿನವರೆಲ್ಲ ಅವರನ್ನು ಮಾಸ್ಟರೆಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಗಂಡನ ಮನೆ ಬಿಟ್ಟು, ತವರಿನಲ್ಲೂ ಇರಲಾಗದೆ, ಅಮರಾಪುರದ ಹತ್ತಿರದ ನಮ್ಮೂರಿನಿಂದ ನಾನು ರಾಯದುರ್ಗಕ್ಕೆ ಹೋದಾಗ ನನಗೆ ಇಪ್ಪತ್ತಾರು ವರ್ಷ. ನಮ್ಮ ಕಡೆಯವರೆಲ್ಲ ಆಗ ಬಟ್ಟೆ ಹೊಲಿಯುವ ಕೆಲಸವೆಂದರೆ ಬೆಂಗಳೂರಿನ ಬಸ್ಸು ಹತ್ತುತ್ತಿದ್ದರು. ಅಲ್ಲಿ ಗಂಡನ ಮನೆಯವರು ಸಿಕ್ಕಾರು ಎಂದು ನಾನು ಉಲ್ಟಾ ದಿಕ್ಕಿನ ಬಸ್ಸು ಹತ್ತಿದೆ. ಇಂಟರ್ ಪಾಸಾಗಿದ್ದೆ, ಕರ್ನಾಟಕದಲ್ಲಿ ಪಿಯುಸಿ ಅನ್ನುವುದು. ಅದನ್ನು ಯಾರೂ ಕೇಳಲಿಲ್ಲ. ಕೈಗೆ ಒಂದು ಪುಟ್ಟ ಕತ್ತರಿ ಕೊಟ್ಟು, ಹೊಲಿದು ಬಂದ ಪ್ಯಾಂಟುಗಳಲ್ಲಿ ಉಳಿದ ದಾರದ ತುದಿ ಕತ್ತರಿಸಲು ನಿಲ್ಲಿಸಿದರು. ಬೆಳಿಗ್ಗೆಯಿಂದ ಸಂಜೆಯವರೆಗೆ ನಿಂತೇ ಇರಬೇಕು. ಬಾಡಿಗೆ ಕೋಣೆಗೆ ಹೋದರೆ ಮಾತಾಡಿಸುವವರಿಲ್ಲ, ಯೂನಿಟ್ಟಿನಲ್ಲಿ ಮಿಷನ್ನುಗಳ ಸದ್ದಿಗೆ ಮಾತು ಕೇಳಿಸುವುದಿಲ್ಲ. ಹೀಗೇ ಎರಡು ತಿಂಗಳು ನಾನು ಬಾಯಿ ಬಿಟ್ಟಿದ್ದು ಊಟಕ್ಕೆ ಮಾತ್ರ ಎಂದರೂ ತಪ್ಪಿಲ್ಲ.

ನಾನು ನಿಲ್ಲುತ್ತಿದ್ದ ಜಾಗದ ಎದುರಿಗೇ ಆ ಮಿಷನ್ನು ಇತ್ತು. ಒಂದೇ ಸಾಲಿನಲ್ಲಿ ಹನ್ನೆರಡು ತಲೆ, ಒಂದೊಂದು ತಲೆಗೂ ಸೂಜಿ, ದಾರ. ಪ್ಯಾಂಟಿನ ಹಿಂಜೇಬಿಗೆ ಹೋಗುವ ತುಂಡುಗಳ ಮೇಲೆ ಹದ್ದು, ಬಳ್ಳಿ, ಎಂಥದೋ ಇಂಗ್ಲಿಷ್ ಪದಗಳನ್ನು ಹನ್ನೆರಡು ತಲೆಯೂ ಒಟ್ಟಿಗೇ ಹೊಲಿಯುತ್ತಿದ್ದವು. ಪಕ್ಕದಲ್ಲಿ ಒಂದು ಕಂಪ್ಯೂಟರ್ ಪರದೆ. ಮಿಷನ್ನಿಗೆ ಏನಾದರೂ ತೊಂದರೆಯಾದರೆ ಅದು ಟಕ್ಕೆಂದು ನಿಂತು ಪರದೆಯ ಮೇಲೆ ಒಂದು ಸಂದೇಶ ಬರುತ್ತಿತ್ತು, ಪೂರ್ತಿ ಚೀನಾ ಭಾಷೆಯಲ್ಲಿ. ಯಾವುದೋ ದೊಡ್ಡ ಊರಿನಿಂದ ಸಾಹುಕಾರರು ಕಡಿಮೆಗೆ ತಂದಿದ್ದ ಹಳೆಯ ಮಿಷನ್ನು ಅದು. ಕೂರಿಸಲು ಬಂದ ಮೆಕ್ಯಾನಿಕ್ಕು ಒಂದು ವಾರ ಇದ್ದು ಹೋದವನು ಮತ್ತೆ ಫೋನು ಎತ್ತಲಿಲ್ಲವಂತೆ. ಇಡೀ ಯೂನಿಟ್ಟಿನಲ್ಲಿ ಆ ಸಂದೇಶಗಳು ಅರ್ಥವಾಗುತ್ತಿದ್ದದ್ದು ಮಾಸ್ಟರಿಗೊಬ್ಬರಿಗೇ.

ಐವತ್ತು ದಾಟಿದ ತೆಳ್ಳಗಿನ ಮನುಷ್ಯ. ಹೆಂಡತಿ ಇರಲಿಲ್ಲ, ಮಗಳನ್ನು ಕೊಟ್ಟಾಗಿತ್ತು. ಮಿಷನ್ನು ನಿಂತಾಗ ಅವರು ಬರುವ ಗತ್ತು ನೋಡಬೇಕಿತ್ತು. ಅವಸರವಿಲ್ಲ. ಹೆಗಲ ಮೇಲಿನ ಟವಲಿನಿಂದ ಪರದೆ ಒರೆಸಿ, ಕತ್ತು ಸ್ವಲ್ಪ ವಾರೆ ಮಾಡಿ ನೋಡಿ, "ಹೂಂ" ಎನ್ನುತ್ತಿದ್ದರು. ಆಮೇಲೆ ಎಲ್ಲೋ ಒಂದು ಚಕ್ರ ತಿರುವುತ್ತಿದ್ದರು, ಇಲ್ಲವೇ ಒಂಬತ್ತನೇ ತಲೆಯ ದಾರ ಪೋಣಿಸುತ್ತಿದ್ದರು. ಮಿಷನ್ನು ಮತ್ತೆ ಓಡುತ್ತಿತ್ತು. ಸಾಹುಕಾರರು ಬಂದವರಿಗೆಲ್ಲ ಹೇಳುತ್ತಿದ್ದರು: "ನಮ್ಮ ಮಾಸ್ಟರ್‌ಗೆ ಚೀನಾ ಭಾಷಿ ಓದಾಕ ಬರ್ತೈತ್ರೀ!" ಮಾಸ್ಟರು ಇಲ್ಲವೆನ್ನುತ್ತಿರಲಿಲ್ಲ, ಹೌದೆನ್ನುತ್ತಲೂ ಇರಲಿಲ್ಲ. ಆ ಯೂನಿಟ್ಟಿನಲ್ಲಿ ಅವರಿಗಿದ್ದ ಮರ್ಯಾದೆಯೆಲ್ಲ ಆ ಪರದೆಯ ಮೇಲೆ ನಿಂತಿತ್ತು.

ಒಂದು ದಿನ ಊಟದ ಹೊತ್ತಿನಲ್ಲಿ ಧೈರ್ಯ ಮಾಡಿ ಕೇಳಿದೆ. "ಮಾಸ್ಟ್ರೇ, ಅದು ನಿಜವಾಗ್ಲೂ ಓದಕ್ಕೆ ಬತ್ತೈತಾ ನಿಮ್ಗೆ?"

ಅವರು ಮೊದಲು ನಕ್ಕಿದ್ದು ನನ್ನ 'ಬತ್ತೈತಾ'ಗೆ. ಮಡಕಶಿರದ ಕಡೆಯ ಮಾತು ಅವರಿಗೆ ಬಲು ತಮಾಷೆ. ಆಮೇಲೆ ಎದ್ದು ಪರದೆಯ ಮುಂದೆ ಕರೆದುಕೊಂಡು ಹೋದರು. ಬೇಕೆಂದೇ ಒಂದು ದಾರ ಕಿತ್ತರು. ಸಂದೇಶ ಬಂತು.

"ನೋಡು ತಂಗಿ. ಇಲ್ಲಿ ಮೂಲ್ಯಾಗ ಒಂದು ಗಿಡ, ಬಾಜೂಕ ಗೂಟ. ಇದು ಮೂಲಿಗಿಡ. ಮೂಲಿಗಿಡ ಬಂತಂದ್ರ ದಾರ ಹರದೈತಿ ಅಂತ. ಇನ್ನೊಂದೈತಿ, ದೀಪದ ಕಂಬ. ಮ್ಯಾಲೆ ಒಂದು ಕುಡಿ, ಕೆಳಗ ಮೂರು ಅಡ್ಡಗೆರಿ. ಅದು ಬಂದ್ರ ದೊಡ್ಡ ಶಾಫ್ಟು ಜಾಗ ಬಿಟ್ಟೈತಿ, ಚಕ್ರ ತಿರುವಬೇಕು. ಬಾಲದ ಗಾಳಿಪಟ ಬಂದ್ರ ಮುಟ್ಟಬಾರದು, ಮೋಟಾರಿಂದು. ಆರಿಸಿ ಒಂದು ಚಾ ಕುಡದು ಬರಬೇಕು."

ಮೆಕ್ಯಾನಿಕ್ಕು ಇದ್ದ ಒಂದು ವಾರ ಇವರು ಅವನ ಹಿಂದೆಯೇ ನಿಂತು, ಯಾವ ಚಿತ್ರ ಬಂದಾಗ ಅವನು ಏನು ಮಾಡುತ್ತಾನೆ ಎಂದು ನೋಡಿಟ್ಟುಕೊಂಡಿದ್ದರು. ಉಳಿದದ್ದನ್ನು ವರ್ಷಗಟ್ಟಲೆ ಬೈಸಿಕೊಂಡು ಕಲಿತಿದ್ದರು. ಅಂಥ ಸಂದೇಶಗಳು ಒಟ್ಟು ಇಪ್ಪತ್ತೆರಡು. ಇಷ್ಟೆಲ್ಲ ಹೇಗೆ ನೆನಪಿರುತ್ತದೆ ಎಂದು ಕೇಳಿದ್ದಕ್ಕೆ, "ನಾ ಸಣ್ಣಾಂವ ಇದ್ದಾಗ ಕುರಿ ಕಾದೀನಿ. ಇನ್ನೂರು ಕುರಿ ಮಖ ಗುರ್ತು ಹಿಡೀತಿದ್ದೆ. ಇವು ಇಪ್ಪತ್ತೆರಡು ಅದಾವ, ಅಷ್ಟ" ಎಂದರು.

ಆವತ್ತಿನಿಂದ ನನಗೆ ಮಾತಾಡಲು ಒಬ್ಬರು ಸಿಕ್ಕರು. ಮಿಷನ್ನು ನಿಂತಾಗಲೆಲ್ಲ ಅವರು ನನ್ನ ಕಡೆ ತಿರುಗಿ ಹುಬ್ಬು ಹಾರಿಸುತ್ತಿದ್ದರು, ನಾನು ನಿಂತಲ್ಲಿಂದಲೇ "ಕಂಬ!" ಎಂದೋ "ಗಾಳಿಪಟ!" ಎಂದೋ ಕೂಗುತ್ತಿದ್ದೆ. ತಪ್ಪಾದರೆ ಟವಲು ಝಾಡಿಸಿ ತೋರಿಸುತ್ತಿದ್ದರು. ಹೊರಗಿನವರಿಗೆ ನಾವಿಬ್ಬರೂ ತಲೆಕೆಟ್ಟವರಂತೆ ಕಂಡಿರಬೇಕು. ಬೆಳಿಗ್ಗೆ ಎದ್ದು ಯೂನಿಟ್ಟಿಗೆ ಹೋಗಬೇಕು ಅನ್ನಿಸುತ್ತಿದ್ದದ್ದು ಅದೊಂದಕ್ಕೇ. ಆದರೆ ಒಂದು ವಿಷಯ ನನ್ನ ತಲೆಗೆ ಹೊಳೆಯಲೇ ಇಲ್ಲ. ಚೀನಾ ಭಾಷೆ ಯಾರಿಗೂ ಬಾರದು, ಅದಕ್ಕೇ ಚಿತ್ರ ಮಾಡಿಕೊಂಡಿದ್ದಾರೆ ಎಂದುಕೊಂಡಿದ್ದೆ. ಮಿಕ್ಕ ಭಾಷೆಗಳು ಬಂದೇ ಬರುತ್ತವೆ ಎಂದುಕೊಂಡಿದ್ದೆ...

ಮನೆದೇವರ ಪೂಜೆಯೆಂದು ಅವರು ಓಬಳಾಪುರದ ಕಡೆಯ ತಮ್ಮ ಊರಿಗೆ ಎರಡು ದಿನ ಹೋದರು. ಮೊದಲನೇ ದಿನವೇ ಮಿಷನ್ನು ನಿಂತಿತು. ಪರದೆಯ ಮೇಲೆ ಬಂದಿದ್ದು ಗಿಡವೂ ಅಲ್ಲ, ಕಂಬವೂ ಅಲ್ಲ, ನನಗೆ ಗೊತ್ತಿಲ್ಲದ ಇನ್ನೇನೋ. ಮಾಲು ಮಾರನೇ ದಿನ ಹೋಗಬೇಕಿತ್ತು. ಸಾಹುಕಾರರು ಬೆವರು ಒರೆಸಿಕೊಳ್ಳುತ್ತಾ ಅತ್ತಿಂದಿತ್ತ ತಿರುಗುತ್ತಿದ್ದರು, ಒಬ್ಬೊಬ್ಬರಾಗಿ ಬಂದು ಪರದೆಯನ್ನು ನೋಡಿ ತಲೆ ಅಲ್ಲಾಡಿಸಿ ಹೋಗುತ್ತಿದ್ದರು. ನಾನು ಹತ್ತಿರ ಹೋಗಿ, ಹೇಗಿದ್ದರೂ ಕೆಟ್ಟಿದೆಯಲ್ಲ ಎಂದು, ಮೂಲೆಯಲ್ಲಿದ್ದ ಭೂಗೋಳದ ಗುರುತನ್ನು ಒತ್ತಿದೆ. ಒಂದು ಪಟ್ಟಿ ಬಿಚ್ಚಿಕೊಂಡಿತು. ಅದರ ಕೊನೆಯಲ್ಲಿ ಇಂಗ್ಲಿಷ್ ಎಂದು ಇಂಗ್ಲಿಷಿನಲ್ಲೇ ಬರೆದಿತ್ತು. ಇಷ್ಟು ವರ್ಷ ಅದು ಅಲ್ಲೇ ಇತ್ತು!

ಇಂಗ್ಲಿಷಿಗೆ ತಿರುಗಿದ ಸಂದೇಶವನ್ನು ನಾನು ಜೋರಾಗಿ ಓದಿ ಕನ್ನಡದಲ್ಲಿ ಹೇಳಿದೆ: "ಕೆಳಗಿನ ದಾರ ಇದೆ ಅಥವಾ ಇಲ್ಲ. ದಯವಿಟ್ಟು ಖಚಿತವಾಗಿರಿ." ಇಡೀ ಯೂನಿಟ್ಟು ನಕ್ಕಿತು. ಯಾರು ಬರೆದಿದ್ದರೋ ಪುಣ್ಯಾತ್ಮರು, ಆ ಮಿಷನ್ನಿನ ಇಂಗ್ಲಿಷೇ ಹಾಗೆ. ಹುಡುಕಿದರೆ ನಾಲ್ಕನೇ ತಲೆಯ ಕೆಳಗಿನ ದಾರ ಮುಗಿದಿತ್ತು. ಹಾಕಿದೆ, ಮಿಷನ್ನು ಓಡಿತು. ಸಾಯಂಕಾಲದ ಹೊತ್ತಿಗೆ ಇನ್ನೂ ಎರಡು ಬಂದವು. ಒಂದು, "ಮುಖ್ಯ ಶಾಫ್ಟು ಮನೆಯಲ್ಲಿ ಇಲ್ಲ." ಇನ್ನೊಂದು, "ಗೊತ್ತಿಲ್ಲದ ಕಾರಣದ ಕಾರಣದಿಂದ ನಿಲ್ಲಿಸಲಾಗಿದೆ, ತಪ್ಪು ಯಶಸ್ವಿ." ನಾನು ಓದಿ ಹೇಳುವುದು, ಎಲ್ಲರೂ ಬಿದ್ದು ಬಿದ್ದು ನಗುವುದು. ಸಾಹುಕಾರರು ನನ್ನ ಹತ್ತಿರ ಬಂದು, "ಇಂಟರ್ ಓದಿ ದಾರ ಯಾಕ ಕತ್ತರಿಸ್ತೀಯಮ್ಮ? ಮುಂದಿನ ತಿಂಗಳಿಂದ ನೀನೂ ಪ್ಯಾನಲ್ ಮುಂದ ಕುಂದ್ರು" ಎಂದರು. ಕೂರುವ ಕೆಲಸ! ಆವತ್ತು ಕೋಣೆಗೆ ಹೋಗುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಮಾಸ್ಟರಿಗೆ ಎಷ್ಟು ಖುಷಿಯಾಗುತ್ತದೋ, ಇನ್ನು ಗಿಡ ಗೂಟ ಲೆಕ್ಕ ಹಾಕುವ ಪಾಡಿಲ್ಲ ಎಂದೂ ನಿಜವಾಗಿ ಅಂದುಕೊಂಡೆ.

ಅವರು ಬಂದರು. ನನಗೆಂದು ಊರಿನಿಂದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಸಿಕೊಂಡು ಬಂದಿದ್ದರು. ಗಂಟನ್ನು ನನ್ನ ಕೈಗೆ ಕೊಟ್ಟು, ಟವಲಿನಿಂದ ಪರದೆ ಒರೆಸಿ, ಕತ್ತು ವಾರೆ ಮಾಡಿದರು. "ಹೂಂ" ಬರಲಿಲ್ಲ. ಸಾಹುಕಾರರು ಆ ತುದಿಯಿಂದಲೇ ಕೂಗಿ ನಡೆದದ್ದನ್ನು ಹೇಳಿದರು. ಮಾಸ್ಟರು "ಚಲೋ ಆತ್ರಿ" ಎಂದರು. ಸ್ವಲ್ಪ ಹೊತ್ತಿನ ಮೇಲೆ ಮಿಷನ್ನು ನಿಂತಿತು. ಅವರು ತುಂಬ ಹೊತ್ತು ಪರದೆಯನ್ನೇ ನೋಡುತ್ತಾ ನಿಂತು, ನಾನು ಪಕ್ಕಕ್ಕೆ ಹೋದಾಗ ಯಾರಿಗೂ ಕೇಳದಂತೆ ಕೇಳಿದರು.

"ತಂಗೀ, ಇದ್ರಾಗ ಗಿಡ ಎಲ್ಲೈತಿ?"

ಆಗ ಗೊತ್ತಾಯಿತು. ಇಂಗ್ಲಿಷಷ್ಟೇ ಅಲ್ಲ, ಅವರಿಗೆ ತೆಲುಗೂ ಬರುತ್ತಿರಲಿಲ್ಲ, ಕನ್ನಡವೂ ಬರುತ್ತಿರಲಿಲ್ಲ, ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ಲೋಕದಲ್ಲಿ ಅವರು ಓದಬಲ್ಲ ಬರಹವೆಂದರೆ ಆ ಮಿಷನ್ನಿನ ಇಪ್ಪತ್ತೆರಡು ಸಂದೇಶಗಳು ಮಾತ್ರ. ಅವನ್ನು ನಾನು ಅಳಿಸಿಹಾಕಿದ್ದೆ.

ಮೂರು ದಿನ ಹೇಗೋ ನಡೆಯಿತು. ಮಿಷನ್ನು ನಿಂತ ತಕ್ಷಣ ನಾನು ಏನಾದರೂ ನೆಪ ಮಾಡಿಕೊಂಡು ಹತ್ತಿರ ಹೋಗಿ, ತುಟಿ ಅಲ್ಲಾಡಿಸದಂತೆ "ದಾರ" ಎಂದೋ "ಶಾಫ್ಟು" ಎಂದೋ ಹೇಳುತ್ತಿದ್ದೆ. ಅವರು ಮಾಡುತ್ತಿದ್ದರು. ಹುಬ್ಬು ಹಾರಿಸುವುದು ನಿಂತಿತ್ತು. ಮತ್ತೆ ಚೀನಾಕ್ಕೆ ತಿರುಗಿಸಿಬಿಡಲೇ ಎಂದು ಕೇಳೋಣವೆಂದರೆ ನಾಲಿಗೆ ಏಳಲಿಲ್ಲ. ಹಾಗೆ ಕೇಳಿದರೆ ಅವರಿಗೆ ಓದು ಬಾರದೆಂದು ಮುಖಕ್ಕೇ ಹೇಳಿದ ಹಾಗಾಗುತ್ತದೆ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಅದರಲ್ಲಿ ಅರ್ಧ ನಿಜ. ಇನ್ನರ್ಧ, ಆ ಕುರ್ಚಿ. ಅದನ್ನು ಈಗ ಮುಚ್ಚಿಟ್ಟು ಏನಾಗಬೇಕು?

ನಾಲ್ಕನೇ ದಿನ ನಾನು ನೀರು ಕುಡಿಯಲು ಹೊರಗೆ ಹೋಗಿದ್ದಾಗ ಮಿಷನ್ನು ನಿಂತಿದೆ. ಬಟ್ಟೆ ಹಿಡಿದ ಚೌಕಟ್ಟು ಗಡಿ ದಾಟಿದೆ, ಮುಂದೆ ಹೋಗಬೇಡಿ ಎಂಬ ಸಂದೇಶ ಅದು. ಮಾಸ್ಟರು ದಾರವೆಂದು ತಿಳಿದು, ದಾರ ನೋಡಿ, ಹಸಿರು ಗುಂಡಿ ಒತ್ತಿದರು. ಚೌಕಟ್ಟು ಹೋಗಿ ಸೂಜಿಗಳಿಗೆ ಬಡಿಯಿತು. ಪಟಪಟನೆ ಸೂಜಿಗಳು ಮುರಿದ ಸದ್ದಿಗೆ ನಾನು ಲೋಟ ಬಿಟ್ಟು ಓಡಿ ಬಂದೆ. ಹನ್ನೆರಡರಲ್ಲಿ ಏಳು ತಲೆ ಹೋಗಿದ್ದವು.

ಸಾಹುಕಾರರು ಎಲ್ಲರ ಮುಂದೆ ಕೂಗಾಡಿದರು. "ಚೀನಾದಾಗ ಇದ್ದಾಗ ತಪ್ಪಲಿಲ್ಲ, ಇಂಗ್ಲೀಷಿನ್ಯಾಗ ಅಂಗೈ ಮ್ಯಾಲೆ ಇಟ್ಟಂಗ ಬರದೈತಿ, ಈಗ ತಪ್ಪಿದ್ರಿ! ಓದಿದ್ರೋ ಇಲ್ಲೋ?"

ಮಾಸ್ಟರು ತಲೆ ಎತ್ತಿ, "ಓದಿದೆ ಸಾವ್ಕಾರ್ರ. ಓದೇ ಒತ್ತಿದೆ. ತಪ್ಪು ನಂದು" ಎಂದರು.

ಹೇಳುವಾಗ ಒಂದು ಸಲ ನನ್ನ ಕಡೆ ನೋಡಿದರು. ಬೈಗುಳ ತಿನ್ನುವುದಕ್ಕೆ ಅವರು ತಯಾರಿದ್ದರು, ಓದು ಬಾರದವನು ಅನ್ನಿಸಿಕೊಳ್ಳುವುದಕ್ಕೆ ಇರಲಿಲ್ಲ. ನಾನು ಬಾಯಿ ಬಿಡದಿರಲಿ ಎಂದು ಬೇಡುತ್ತಿದ್ದಾರೆ ಅಂದುಕೊಂಡೆ. ಕತ್ತರಿ ಹಿಡಿದು ನಿಂತೇ ಇದ್ದೆ. ಭಾಷೆ ಬದಲಾಯಿಸಿದ್ದು ನಾನು, ಹಳೇ ಕೈಗೆ ಹೊಸದು ಒಗ್ಗಲು ನಾಲ್ಕು ದಿನ ಬೇಡವೇ ಎಂದಾದರೂ ಹೇಳಬಹುದಿತ್ತು. ಅದರಲ್ಲಿ ಅವರ ಗುಟ್ಟು ಏನೂ ಬಯಲಾಗುತ್ತಿರಲಿಲ್ಲ. ಇದು ಹೊಳೆದದ್ದು ಕೋಣೆಗೆ ಹೋದ ಮೇಲೆ. ಹೊಳೆಯಬೇಕಾದದ್ದು ಯಾವಾಗಲೂ ತಡವಾಗಿಯೇ ಹೊಳೆಯುತ್ತದೆ ನನಗೆ.

ಮಾರನೇ ದಿನ ಅವರು ಬರಲಿಲ್ಲ. ನಾನು ಯಾರನ್ನೂ ಕೇಳದೆ ಪರದೆಯನ್ನು ಚೀನಾ ಭಾಷೆಗೆ ತಿರುಗಿಸಿ, ಸಂಜೆ ಅವರ ಮನೆ ಹುಡುಕಿಕೊಂಡು ಹೋದೆ. ಕೋಟೆ ಗುಡ್ಡದ ಕೆಳಗಿನ ಒಂದು ಸಂದಿ. ಒಬ್ಬರೇ ಕೂತು ಸ್ಟೌವಿಗೆ ಬತ್ತಿ ಏರಿಸುತ್ತಿದ್ದರು.

"ಮಾಸ್ಟ್ರೇ, ಮೊದ್ಲಿನಂಗೇ ಮಾಡಿವ್ನಿ. ಗಿಡ, ಕಂಬ ಎಲ್ಲಾ ವಾಪಸ್ ಬಂದವೆ. ಬನ್ನಿ" ಎಂದೆ.

ಅವರು ಚಹಾಕ್ಕೆ ನೀರಿಟ್ಟರು. "ಗಿಡ ಬಂದ್ರ ಏನಾತು ತಂಗಿ? ಅದನ್ನ ಬದ್ಲಿ ಮಾಡಾಕ ಬರ್ತೈತಿ ಅಂತ ಈಗ ಎಲ್ಲಾರಿಗೂ ಗೊತ್ತಾಗೇತಿ. ನಾಳಿ ಸಾವ್ಕಾರ್ರು ಮತ್ತ ಇಂಗ್ಲೀಷ್ ಮಾಡು ಅಂದ್ರ, ನೀ ಒಲ್ಲೆ ಅಂತೀಯೇನು?"

ಚಹಾ ಕುಡಿದು ಎದ್ದೆ. ಸಿಟ್ಟು ಮಾಡಿದ್ದರೆ ಅತ್ತು ಹಗುರವಾಗುತ್ತಿದ್ದೆನೋ ಏನೋ. "ಹುಷಾರಾಗಿ ಹೋಗು, ಸಂದ್ಯಾಗ ಕಲ್ಲು ಅದಾವ" ಎಂದರು, ಅಷ್ಟೇ. ತಪ್ಪಾಯಿತು ಎಂಬ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ಆಮೇಲೆ ಅವರನ್ನು ನಾನು ನೋಡಲಿಲ್ಲ.

ಸಾಹುಕಾರರು ಇಂಗ್ಲಿಷ್ ಮಾಡು ಎಂದರು, ಮಾಡಿದೆ. ಕುರ್ಚಿಯೂ ಸಿಕ್ಕಿತು. ಆರು ವರ್ಷ ಅದರ ಮೇಲೆ ಕೂತೆ. ಮುಖ್ಯ ಶಾಫ್ಟು ಮನೆಯಲ್ಲಿ ಇಲ್ಲವೆಂದು ಅದೆಷ್ಟು ಸಲ ಓದಿದೆನೋ. ಮೊದಮೊದಲು ನಗುತ್ತಿದ್ದವರೂ ಆಮೇಲೆ ಕಿವಿಗೆ ಹಾಕಿಕೊಳ್ಳುವುದನ್ನು ಬಿಟ್ಟರು. ಪ್ರತಿ ಅಕ್ಷರವೂ ನನಗೆ ಓದಲು ಬರುತ್ತಿತ್ತು. ಎಷ್ಟೋ ಸಲ ಓದಿಯೂ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಆಗೆಲ್ಲ ಹಿಂದೆ ತಿರುಗಿ ನೋಡಿಬಿಡುತ್ತಿದ್ದೆ, ಅಭ್ಯಾಸಬಲ... ಯೂನಿಟ್ಟು ಮುಚ್ಚಿದ ಮೇಲೆ ಮಡಕಶಿರಕ್ಕೆ ಬಂದು ಈ ಅಂಗಡಿ ಇಟ್ಟೆ.

ಫೋನಿನಲ್ಲಿ ಮೂಲಿಗಿಡ ಕಂಡ ಮೇಲೆ ಮನಸ್ಸು ತಡೆಯಲಿಲ್ಲ. ಆ ಭಾನುವಾರ ಅಂಗಡಿ ಮುಚ್ಚಿ ರಾಯದುರ್ಗದ ಬಸ್ಸು ಹತ್ತಿದೆ. ಆವತ್ತು ಹೇಳದೇ ಉಳಿದದ್ದನ್ನು ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಸಂದಿ ಹಾಗೇ ಇತ್ತು. ಅವರಿದ್ದ ಮನೆಗೆ ಬೀಗ. ಪಕ್ಕದ ಮನೆಯ ಹೆಂಗಸು ಮೆಟ್ಟಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು. ಮಾಸ್ಟರು ಎಲ್ಲಿ ಎಂದು ಕೇಳಿದೆ.

"ಅವರು ಹೋಗಿ ಭಾಳ ವರ್ಷ ಆತಲ್ರೀ. ಮಿಷನ್ ಕೆಲಸ ಬಿಟ್ಟು ಊರ ಕಡಿ ಅದಿರಿನ ಲಾರಿ ನಿಲ್ಲೋ ಜಾಗಕ್ಕ ಕಾವಲಿಗೆ ಹೋದ್ರು. ಅಲ್ಲೇ ಜ್ವರ ಬಂದು ತೀರಿಹೋದ್ರಂತ" ಎಂದರು. ನಾನು ಯಾರೆಂದು ಕೇಳಿದರು. ಆ ಯೂನಿಟ್ಟಿನಲ್ಲಿ ಕೆಲಸ ಮಾಡಿದವಳು ಎಂದೆ. ಅವರು ಮೊರ ಪಕ್ಕಕ್ಕಿಟ್ಟು ನೀರು ತಂದುಕೊಟ್ಟರು.

"ಕೆಲಸ ಬಿಡೋ ಮುಂದ ಒಂದು ಮೂರು ದಿನ ಏನು ಮಾಡ್ತಿದ್ರು ಗೊತ್ತೇನ್ರಿ? ಸಂಜಿಕೆ ಜೀನ್ಸಿನ ತುಂಡಿನ ಮ್ಯಾಲೆ ಸುಣ್ಣದಕಡ್ಡೀಲಿ ಏನೇನೋ ಗೀಚ್ಕೊಂಡು ಬರ್ತಿದ್ರು. ಈ ಮೆಟ್ಟಿಲ ಮ್ಯಾಲೆ ಹರವಿಕೊಂಡು ನಮ್ಮ ಮಗಳಿಗೆ ತೋರಿಸ್ತಿದ್ರು. ಇಂಗ್ಲೀಷ್ ಅಕ್ಷರ ನೋಡ್ರಿ! ಇದು ಏಣಿ, ಇದು ಹಾವು, ಇದು ಎರಡು ಬಾಗಿಲು ಅಂತ ತಾವೇ ಹೆಸರು ಇಡ್ತಿದ್ರು. ಇದ್ಯಾಕ ಮಾಸ್ಟ್ರೇ ಈ ವಯಸ್ಸಿನ್ಯಾಗ ಅಂದ್ರ, ಮಿಷನ್ ಹೊಸ ಮಾತು ಕಲ್ತೈತವ್ವ, ಎಂಟು ಗುರ್ತು ಸಿಕ್ಕಾವ, ಇನ್ನೊಂದು ಎಂಟು ದಿನ ಆದ್ರ ಎಲ್ಲಾನೂ ಸಿಗ್ತಾವ ಅಂತಿದ್ರು."

ಎಂಟು ದಿನ. ಸಾಹುಕಾರರು ಕೂಗಾಡುವ ಮನುಷ್ಯರೇ ಹೊರತು ಕೆಟ್ಟವರಲ್ಲ, ಕೇಳಿದ್ದರೆ ತಿಂಗಳೇ ಕೊಡುತ್ತಿದ್ದರು. ಆವತ್ತು ಅಷ್ಟು ಜನರ ನಡುವೆ ಮಾಸ್ಟರು ನನ್ನ ಕಡೆ ನೋಡಿದ್ದು ಗುಟ್ಟು ಮುಚ್ಚಿಡು ಎಂದಲ್ಲ. ಅವರ ಪರವಾಗಿ ಎಂಟು ದಿನ ಕೇಳಬಲ್ಲವಳು ಅಲ್ಲಿ ನಾನೊಬ್ಬಳೇ ಇದ್ದೆ.